ಮಾರುತಿ 800ರ 796 ಸಿಸಿ ಪೆಟ್ರೋಲ್ ಎಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುತಿ 800 ಕಾರನ್ನು ಇಂದಿಗೂ ಓಡಿಸುತ್ತಿರುವವರು, ತಂದೆಯ ಕಾಲದ ಗಾಡಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವರು, ಡ್ರೈವಿಂಗ್ ಕಲಿಯಲೆಂದು ಹಳೆಯದೊಂದನ್ನು ಕೊಂಡವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಆದರೆ ಗಾಡಿ ಬಿಸಿಯಾಗುವ ಬಗೆಗಿನ ಉತ್ತರಗಳನ್ನು ಮಾತ್ರ ಯಾರೂ ಬಿಡಬಾರದೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ನಾನು ಕಂಡಂತೆ ಈ ಎಂಜಿನ್ ಸವೆದು ಹಾಳಾದುದಕ್ಕಿಂತ ಬಿಸಿಯಾಗಿ ಹಾಳಾದುದೇ ಹೆಚ್ಚು.

## ಮೊದಲು ತಿಳಿಯಬೇಕಾದವು

ಈ ಎಂಜಿನ್ನಿನ ಸರಿಯಾದ ಅಳತೆಗಳೇನು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದು ಸುಜುಕಿಯವರ ಎಫ್ ಸರಣಿಗೆ ಸೇರಿದ, ಎಫ್8ಬಿ ಎಂಬ ಹೆಸರಿನ ಎಂಜಿನ್. ನೀರಿನಿಂದ ತಂಪಾಗುವ ಮೂರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿವೆ. ಪ್ರತಿ ಸಿಲಿಂಡರಿನ ಬೋರ್ (ಒಳಗಿನ ಅಗಲ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 72 ಮಿ.ಮೀ.; ಮೂರನ್ನೂ ಕೂಡಿದರೆ 796 ಸಿಸಿ. ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಮ್ಮಿನದು. ಹೆಡ್ಡಿನ ಮೇಲೆ ವಾಲ್ವ್‌ಗಳನ್ನು ತೆರೆಯುವ ಒಂದೇ ಕ್ಯಾಮ್‌ಶಾಫ್ಟ್ ಇದ್ದು, ಅದನ್ನು ರಬ್ಬರಿನ ಟೈಮಿಂಗ್ ಬೆಲ್ಟ್ ತಿರುಗಿಸುತ್ತದೆ. ಸಿಲಿಂಡರಿಗೆ ಎರಡರಂತೆ ಒಟ್ಟು ಆರು ವಾಲ್ವ್‌ಗಳು, ಕಂಪ್ರೆಷನ್ ಅನುಪಾತ 8.7ಕ್ಕೆ 1, ಉರಿಯುವ ಕ್ರಮ 1-3-2. ಶಕ್ತಿಯ ವಿಷಯದಲ್ಲಿ 37 ಎಂದೂ 39 ಎಂದೂ ಹೇಳುವುದಕ್ಕೆ ಕಾರಣ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನ) ಮಾದರಿಗೂ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ) ಮಾದರಿಗೂ ಇದ್ದ ಅಲ್ಪ ವ್ಯತ್ಯಾಸ ಮತ್ತು ಅಶ್ವಶಕ್ತಿಯನ್ನು ಎರಡು ಬಗೆಯ ಮಾನಗಳಲ್ಲಿ ಬರೆಯುವ ರೂಢಿ. ದಿನದ ಓಡಾಟದಲ್ಲಿ ಹೆಚ್ಚು ಅರ್ಥವುಳ್ಳ ಅಂಕಿ ಟಾರ್ಕ್‌ನದು, ಅಂದರೆ ತಿರುಗಿಸುವ ಬಲದ್ದು: ನಿಮಿಷಕ್ಕೆ ಕೇವಲ 2500 ಸುತ್ತುಗಳಲ್ಲಿ 59 ನ್ಯೂಟನ್ ಮೀಟರ್. ಸುಮಾರು 650 ಕಿಲೋ ತೂಗುವ ಗಾಡಿಗೆ ಇಷ್ಟು ಕೆಳಗಿನ ವೇಗದಲ್ಲೇ ಎಳೆತ ಸಿಗುವುದರಿಂದ, ಊರೊಳಗೆ ಅದು ತನ್ನ ಗಾತ್ರಕ್ಕೆ ಮೀರಿ ಚುರುಕಾಗಿ ಕಾಣುತ್ತದೆ.

ಓಮ್ನಿ, ಆಲ್ಟೋ, 800 ಎಲ್ಲದರಲ್ಲೂ ಇರುವುದು ಒಂದೇ ಎಂಜಿನ್ ಅಲ್ಲವೇ? ಸಾಮಾನು ಹೊಂದುತ್ತದೆಯೇ?

ಗಾತ್ರ ಒಂದೇ, ಆದರೆ ಎಂಜಿನ್ ಪೂರ್ತಿ ಒಂದೇ ಅಲ್ಲ. 1983ರ ಡಿಸೆಂಬರ್ 14ರಂದು ಬಿಡುಗಡೆಯಾದ ಮೊದಲ ಮಾದರಿಯಿಂದ ಹಿಡಿದು, 1986ರಲ್ಲಿ ಬಂದು ಹೆಚ್ಚಿನವರಿಗೆ ಪರಿಚಿತವಾದ ಎರಡನೆಯ ಮಾದರಿಯವರೆಗೂ ಇದ್ದುದು ಆರು ವಾಲ್ವಿನ ಎಂಜಿನ್. ಓಮ್ನಿಯಲ್ಲಿ ಇದೇ ಎಂಜಿನ್ ಮುಂದಿನ ಸೀಟುಗಳ ಕೆಳಗೆ ಉದ್ದುದ್ದವಾಗಿ ಕುಳಿತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. 800ರಲ್ಲಿ ಬಾನೆಟ್ಟಿನ ಕೆಳಗೆ ಅಡ್ಡಡ್ಡವಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಆಲ್ಟೋದಲ್ಲಿ ಇರುವುದು ಎಫ್8ಡಿ: ಬೋರ್, ಸ್ಟ್ರೋಕ್ ಅವೇ ಆದರೂ ಹೆಡ್ಡಿನಲ್ಲಿ ಹನ್ನೆರಡು ವಾಲ್ವ್‌ಗಳಿವೆ. ಸುಮಾರು 2000ದಲ್ಲಿ ಐದು ಗೇರಿನೊಂದಿಗೆ, 45 ಅಶ್ವಶಕ್ತಿಯೊಂದಿಗೆ ಬಂದ 800ರಲ್ಲೂ ಹನ್ನೆರಡು ವಾಲ್ವಿನ ಹೆಡ್ಡೇ ಇತ್ತು. ಆದ್ದರಿಂದ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೋರುತಡೆ ಹಾಳೆ), ಟೈಮಿಂಗ್ ಬೆಲ್ಟ್, ವಾಲ್ವ್ ಸೀಲ್‌ಗಳಂಥ ಸಾಮಾನನ್ನು “ಎಂಟ್ನೂರರದ್ದು ಕೊಡಿ” ಎಂದು ಕೇಳಿ ತರುವ ಬದಲು, ಎಂಜಿನ್ ನಂಬರನ್ನೂ ತಯಾರಾದ ವರ್ಷವನ್ನೂ ಬರೆದುಕೊಂಡು ಹೋಗಿ, ಸಾಧ್ಯವಾದರೆ ಹಳೆಯ ಸಾಮಾನನ್ನೇ ಅಂಗಡಿಯವರ ಮುಂದಿಟ್ಟು ಹೋಲಿಸಿ ತರುವುದು ಸರಿಯಾದ ಕ್ರಮ.

ಸ್ಲೋನಲ್ಲಿ ನಿಂತಾಗ ಸ್ಟಿಯರಿಂಗ್, ಸೀಟು ಎಲ್ಲ ನಡುಗುತ್ತದೆ. ಮೂರು ಸಿಲಿಂಡರ್ ಎಂದರೆ ಹೀಗೇನಾ?

ಸ್ಲೋನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಅಲ್ಪ ನಡುಕ ಸಹಜ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗೊಮ್ಮೆ ಒಂದು ಸಿಲಿಂಡರ್ ಉರಿಯುತ್ತದೆ, ಮತ್ತು ಎರಡು ತುದಿಯ ಪಿಸ್ಟನ್‌ಗಳ ಚಲನೆ ಎಂಜಿನ್ನನ್ನು ತೊಟ್ಟಿಲಿನಂತೆ ಉದ್ದಕ್ಕೆ ತೂಗುತ್ತದೆ. ಈ ತೂಗಾಟವನ್ನು ನುಂಗಿಕೊಳ್ಳುವ ಕೆಲಸ ರಬ್ಬರ್ ಮೌಂಟಿಂಗ್‌ಗಳದು. ಮೊದಲು ಇಲ್ಲದ ನಡುಕ ಈಗ ಬಂದಿದ್ದರೆ ಮೌಂಟಿಂಗ್‌ಗಳು ಗಟ್ಟಿಯಾಗಿ ಬಿರುಕು ಬಿಟ್ಟಿವೆಯೇ ಎಂದು ನೋಡಿ; ನಡುಕದ ಜೊತೆಗೆ ಸೈಲೆನ್ಸರಿನ ಸದ್ದೂ ತಾಳ ತಪ್ಪುತ್ತಿದ್ದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಮೂರರಲ್ಲಿ ಒಂದು ಹೋದರೆ ಮೂರನೆಯ ಒಂದು ಪಾಲು ಶಕ್ತಿಯೇ ಹೋದಂತೆ, ಹಾಗಾಗಿ ಅದು ತಿಳಿಯದೇ ಇರುವುದಿಲ್ಲ.

## ದಿನದ ನಿಗಾ

ಯಾವ ಆಯಿಲ್ ಹಾಕಿಸಬೇಕು? ದುಬಾರಿ ಸಿಂಥೆಟಿಕ್ ಹಾಕಿದರೆ ಎಂಜಿನ್ ಹೊಸದಾಗುತ್ತದೆಯೇ?

ಆಗುವುದಿಲ್ಲ. ನಮ್ಮ ಹವೆಯಲ್ಲಿ ಈ ಎಂಜಿನ್ನಿಗೆ 20ಡಬ್ಲ್ಯು-40 ದರ್ಜೆಯ ಒಳ್ಳೆಯ ಮಿನರಲ್ ಆಯಿಲ್ ಸಾಕು. ಹಿಡಿಸುವುದೇ ಸುಮಾರು ಮೂರು ಲೀಟರ್ ಆದ್ದರಿಂದ ಅರ್ಧ ಲೀಟರ್ ಕಡಿಮೆಯಾದರೂ ಅದು ದೊಡ್ಡ ಪಾಲು. ವಾರಕ್ಕೊಮ್ಮೆ, ಗಾಡಿ ಸಮತಟ್ಟಾದ ನೆಲದ ಮೇಲಿದ್ದು ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ತೆಗೆದು ನೋಡುವ ಅಭ್ಯಾಸವಿರಲಿ. 5,000 ಕಿ.ಮೀ.ಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ, ಫಿಲ್ಟರ್ ಸಮೇತ ಬದಲಿಸಿ. ಬಿಸಿಯಾದ ಮೇಲೆ ಸ್ಲೋನಲ್ಲಿ ಆಯಿಲ್ ದೀಪ ಮಿಣುಕಿದರೆ ದಪ್ಪ ಆಯಿಲ್ ಹಾಕಿ ದೀಪ ಆರಿಸುವುದು ಪರಿಹಾರವಲ್ಲ: ಮೊದಲು ಗೇಜ್ ಹಾಕಿಸಿ ಒತ್ತಡ ಅಳೆಯಿಸಿ. ಸ್ವಿಚ್ ಕೆಟ್ಟಿರಬಹುದು, ಬೇರಿಂಗ್ ಸವೆದಿರಲೂಬಹುದು.

ನಮ್ಮ ಮನೆಯ ಬೋರ್‌ವೆಲ್ ನೀರನ್ನೇ ರೇಡಿಯೇಟರ್‌ಗೆ ಹಾಕುತ್ತಿದ್ದೇವೆ, ತೊಂದರೆಯೇ?

ಖಂಡಿತ ತೊಂದರೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯನ್ನು ನೀವು ನೋಡಿರುತ್ತೀರಿ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಹೆಡ್ಡಿನ ನೀರಿನ ದಾರಿಗಳಲ್ಲೂ ಕಟ್ಟುತ್ತದೆ. ಜೊತೆಗೆ ಬ್ಲಾಕಿನ ಕಬ್ಬಿಣ ತುಕ್ಕು ಹಿಡಿದು ನೀರು ಕಾವಿಯ ಬಣ್ಣಕ್ಕೆ ತಿರುಗುತ್ತದೆ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ನಲ್ಲಿ ನೀರು ಹಾಕಬೇಕಾಗಿ ಬಂದರೆ ಹಾಕಿ, ಊರು ಸೇರಿದ ಮೇಲೆ ಪೂರ್ತಿ ಬಸಿದು ತೊಳೆಸಿ.

ಬೆಳಿಗ್ಗೆ ಐದಾರು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಕಾರ್ಬ್ಯುರೇಟರ್ ಗಾಡಿ.

ಚೋಕ್ (ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಿಸುವ ಗುಂಡಿ) ಎಳೆದಿದ್ದೀರೆಂದರೆ ಕಾರ್ಬ್ಯುರೇಟರಿನ ಬಾಯಲ್ಲಿರುವ ತಟ್ಟೆ ಮುಚ್ಚಿದೆ ಎಂದು ಖಚಿತವಾಗಿ ಹೇಳಲಾಗದು, ಕೇಬಲ್ ಸಡಿಲಗೊಂಡಿರುವುದು ತೀರ ಸಾಮಾನ್ಯ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಅದು ಸರಿಯಿದ್ದರೆ ಪೆಟ್ರೋಲಿನ ಕಡೆ ಗಮನ ಕೊಡಿ. ಈ ಮಾದರಿಯಲ್ಲಿ ಕ್ಯಾಮ್‌ಶಾಫ್ಟಿನಿಂದ ಚಲಿಸುವ ಮೆಕ್ಯಾನಿಕಲ್ ಪಂಪ್ ಇದೆ. ಎರಡು ಮೂರು ದಿನ ನಿಂತ ಗಾಡಿಯಲ್ಲಿ ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ಆವಿಯಾಗಿರುತ್ತದೆ, ಪಂಪಿನ ಡಯಾಫ್ರಮ್ ದಣಿದಿದ್ದರೆ ಅದು ಮತ್ತೆ ತುಂಬಲು ತುಂಬ ಹೊತ್ತು ಬೇಕು. ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ಮಾತ್ರ ಬ್ಯಾಟರಿಯನ್ನು ಸಂಶಯಿಸಿ. ಸ್ಪಾರ್ಕ್ ಪ್ಲಗ್ಗಿನ ಅಂತರ ಈ ಮಾದರಿಗೆ 0.7ರಿಂದ 0.8 ಮಿ.ಮೀ. ಇರಬೇಕು. ಒಂದು ಮಾತು ಸೇರಿಸುತ್ತೇನೆ: ಸ್ಟಾರ್ಟ್ ಆದ ಮೇಲೆ ಚೋಕನ್ನು ಒಳಗೆ ತಳ್ಳಲು ಮರೆತು ಹತ್ತಾರು ಕಿಲೋಮೀಟರ್ ಓಡಿಸಿದರೆ, ಹೆಚ್ಚಾದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ.

## ಸಾಮಾನ್ಯ ತೊಂದರೆಗಳು

ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ, ಬಯಲಿನಲ್ಲಿ ಏನೂ ಇಲ್ಲ. ಏನು ಮಾಡಬೇಕು?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು, ಮತ್ತು ಅತಿ ಗಂಭೀರವಾದುದೂ ಇದೇ.

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಎರಡನೆಯ ಗೇರಿನಲ್ಲಿ ನಾಲ್ಕು ಜನರನ್ನು ಹೊತ್ತು ಏರುವಾಗ ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಬಿಡದೆ ಕೊಡುತ್ತಿರುತ್ತದೆ, ಆದರೆ ಗಾಡಿಯ ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಆಗ ಎಲ್ಲ ಭಾರವೂ ವಿದ್ಯುತ್ ಫ್ಯಾನಿನ ಮೇಲೆ ಬೀಳುತ್ತದೆ. ಬಯಲಿನಲ್ಲಿ ಅರವತ್ತರ ವೇಗದಲ್ಲಿ ಓಡುವಾಗ ಫ್ಯಾನ್ ತಿರುಗದಿದ್ದರೂ ನಿಮಗೆ ತಿಳಿಯುವುದೇ ಇಲ್ಲ, ಘಾಟಿಯಲ್ಲಿ ಅದು ಬಯಲಾಗುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಮನೆಯಂಗಳದಲ್ಲೇ ನಡೆಯಲಿ: ಗಾಡಿಯನ್ನು ನಿಲ್ಲಿಸಿ ಸ್ಲೋನಲ್ಲಿ ಬಿಟ್ಟು, ಮುಳ್ಳು ನಡುವನ್ನು ದಾಟುವಷ್ಟರಲ್ಲಿ ಫ್ಯಾನ್ ತಾನಾಗಿ ತಿರುಗಲು ತೊಡಗುವುದೇ, ಸ್ವಲ್ಪ ಹೊತ್ತಿಗೆ ನಿಲ್ಲುವುದೇ ಎಂದು ನೋಡಿ. ತಿರುಗದಿದ್ದರೆ ಫ್ಯೂಸ್, ಬಿಸಿ ಏರಿದಾಗ ಫ್ಯಾನನ್ನು ಚಾಲೂ ಮಾಡುವ, ರೇಡಿಯೇಟರಿನ ಬಳಿಯ ಥರ್ಮೋ ಸ್ವಿಚ್, ಫ್ಯಾನ್ ಮೋಟಾರ್ ಈ ಕ್ರಮದಲ್ಲಿ ನೋಡಿಸಿ.

ಎರಡನೆಯದು ರೇಡಿಯೇಟರಿನ ಮುಚ್ಚಳ. ಅದನ್ನು ಬರೀ ಮುಚ್ಚಳವೆಂದು ತಿಳಿಯುವವರೇ ಹೆಚ್ಚು. ಬೆಂಗಳೂರು, ಸಕಲೇಶಪುರಗಳ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದೊಳಗಿನ ಸ್ಪ್ರಿಂಗ್ ಚದರ ಸೆಂ.ಮೀ.ಗೆ ಸುಮಾರು 0.9 ಕೆ.ಜಿ. ಒತ್ತಡವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಒಳಗಿನ ನೀರು 115 ಡಿಗ್ರಿ ದಾಟುವವರೆಗೂ ಕುದಿಯದೆ ಉಳಿಯುತ್ತದೆ. ಆ ಸ್ಪ್ರಿಂಗೋ ರಬ್ಬರ್ ವಾಷರೋ ಸೋತರೆ, ಉಳಿದುದೆಲ್ಲ ಸರಿಯಿದ್ದರೂ ಗಾಡಿ ಘಾಟಿಯಲ್ಲಿ ಕುದಿಯುತ್ತದೆ. ಅಗ್ಗದ ಸಾಮಾನು, ಹಳೆಯ ಗಾಡಿ ಕೊಂಡ ದಿನವೇ ಬದಲಿಸಿಬಿಡಿ.

ಮುಳ್ಳು ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿಯಿರುವಾಗ ಮುಚ್ಚಳ ತೆರೆಯಬಾರದು: ಒತ್ತಡ ಹೋದ ಕ್ಷಣವೇ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಲೂಬಾರದು. “ಇನ್ನೇನು ಎರಡೇ ತಿರುವು, ಮೇಲೆ ಹೋಟೆಲಿದೆ” ಎಂದು ಮುಂದುವರಿಸಿದ ಎಷ್ಟೋ ಗಾಡಿಗಳ ಹೆಡ್ ಆ ಎರಡು ತಿರುವುಗಳಲ್ಲೇ ಡೊಂಕಾಗಿದೆ.

ಥರ್ಮೋಸ್ಟ್ಯಾಟ್ ತೆಗೆದುಬಿಟ್ಟರೆ ಬಿಸಿಯೇ ಆಗುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದರು, ತೆಗೆಸಲೇ?

ದಯವಿಟ್ಟು ತೆಗೆಸಬೇಡಿ. ಎಂಜಿನ್ ಸುಮಾರು 82 ಡಿಗ್ರಿಗೆ ಬರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದಿರುವುದು ಥರ್ಮೋಸ್ಟ್ಯಾಟಿನ ಕೆಲಸ. ಅದಿಲ್ಲದಿದ್ದರೆ ತಂಪು ಹೊತ್ತಿನಲ್ಲಿ ಎಂಜಿನ್ ಎಂದೂ ಸರಿಯಾದ ಬಿಸಿಗೆ ಬರದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್‌ನಲ್ಲಿ ನೀರಿನ ಪಸೆ ಉಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಎಂಪಿಎಫ್‌ಐ ಮಾದರಿಯಲ್ಲಂತೂ ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸಿ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚಿಸುತ್ತಲೇ ಇರುತ್ತದೆ. ನಾನು ಕೊಂಡ ಮೊದಲ ಗಾಡಿಯಲ್ಲಿ ಹಿಂದಿನ ಯಾರೋ ಇದನ್ನು ತೆಗೆಸಿದ್ದರು. ಒಂದು ಇಡೀ ಚಳಿಗಾಲ ಮೈಲೇಜ್ ಏಕೆ ಬರುತ್ತಿಲ್ಲವೆಂದು ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿಸಿದ ಮೇಲೆ ಕಾರಣ ತಿಳಿಯಿತು. ಥರ್ಮೋಸ್ಟ್ಯಾಟ್ ಕೆಟ್ಟಿದೆಯೇ ಎಂಬ ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಕುದಿಯುವ ಮೊದಲೇ ಅದು ತೆರೆದುಕೊಳ್ಳಬೇಕು.

ಮಳೆ ಬಂದರೆ ಸಾಕು ಮಿಸ್ಸಿಂಗ್ ಶುರು. ಬಿಸಿಲು ಬಂದರೆ ತಾನೇ ಸರಿಹೋಗುತ್ತದೆ.

ತೇವದಲ್ಲಿ ಕಿಡಿ ದಾರಿ ತಪ್ಪುತ್ತಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಅಥವಾ ಪ್ಲಗ್ ವೈರುಗಳ ರಬ್ಬರ್ ಹಳತಾಗಿದ್ದರೆ, ಪ್ಲಗ್ಗಿಗೆ ಹೋಗಬೇಕಾದ ಕಿಡಿ ಹತ್ತಿರದ ಲೋಹಕ್ಕೆ ಹಾರುತ್ತದೆ. ಕತ್ತಲೆಯಲ್ಲಿ ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ತುಂತುರು ನೀರು ಸಿಂಪಡಿಸಿದರೆ ನೀಲಿ ಕಿಡಿ ಹಾರುವ ಜಾಗ ಕಾಣುತ್ತದೆ, ಕೈ ಮಾತ್ರ ದೂರವಿರಲಿ. ಮಲೆನಾಡಿನವರು ಮುಂಗಾರಿಗೆ ಮೊದಲೇ ಮುಚ್ಚಳ, ವೈರುಗಳನ್ನು ನೋಡಿಸಿಕೊಳ್ಳುವುದು ಒಳ್ಳೆಯದು.

ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದು ಎನ್ನುತ್ತಾರೆ, ನಿಜವೇ?

ಬಹುಮಟ್ಟಿಗೆ ನಿಜ. ಕಪ್ಪು ಹೊಗೆಯೆಂದರೆ ಪೆಟ್ರೋಲ್ ಹೆಚ್ಚಾಗಿದೆ: ಚೋಕ್ ಅಂಟಿಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಅದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ಬಂದು ನಿಂತುಹೋದರೆ ವಾಲ್ವ್ ಸೀಲ್‌ಗಳು ಗಟ್ಟಿಯಾಗಿ ಆಯಿಲ್ ಜಿನುಗಿದೆ ಎಂದರ್ಥ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಚಳಿಯಲ್ಲಿ ಕೆಲವು ನಿಮಿಷ ಕಾಣುವ ಬಿಳಿಯ ಹಬೆಗೆ ಹೆದರಬೇಕಾಗಿಲ್ಲ, ಆದರೆ ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತಿದೆ.

ಹೆಡ್ಡಿನಿಂದ ಟಕ್ ಟಕ್ ಸದ್ದು ಬರುತ್ತಿದೆ. ಎಂಜಿನ್ ಕೆಲಸಕ್ಕೆ ಬಂತೇ?

ಹೆಚ್ಚಾಗಿ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ ಹೊಂದಿಸುವುದು) ಮಾಡಿಸಿದರೆ ಮುಗಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು, ಫೀಲರ್ ಗೇಜಿನಿಂದ (ಅಂತರ ಅಳೆಯುವ ತೆಳು ಪಟ್ಟಿ) ಸುಮಾರು 0.15 ಮಿ.ಮೀ. ಅಂತರಕ್ಕೆ ಹೊಂದಿಸಬೇಕು, ಎಕ್ಸಾಸ್ಟ್ ಕಡೆಗೆ ತುಸು ಹೆಚ್ಚಿರಲಿ. ಸದ್ದೇ ಇಲ್ಲದಂತೆ ಬಿಗಿ ಮಾಡಿಸಿಕೊಳ್ಳುವ ಆಸೆ ಬೇಡ. ಅಂತರವಿಲ್ಲದ ವಾಲ್ವ್ ಪೂರ್ತಿ ಮುಚ್ಚದೆ, ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಲಾಗದೆ ಅಂಚಿನಲ್ಲಿ ಸುಟ್ಟುಹೋಗುತ್ತದೆ. ಸಣ್ಣ ಟಕ್ ಟಕ್ ಇರುವ ಎಂಜಿನ್ ಪೂರ್ತಿ ಮೌನವಾಗಿರುವ ಎಂಜಿನ್ನಿಗಿಂತ ಸುರಕ್ಷಿತ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಬೇಕು? ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಹೆಚ್ಚೆಂದರೆ ಒಂದು ಲಕ್ಷ ಕಿಲೋಮೀಟರ್. ಓಡಾಟ ಕಡಿಮೆಯಿದ್ದರೆ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಆರೇಳು ವರ್ಷಕ್ಕೆ ಬದಲಿಸಿ, ಏಕೆಂದರೆ ರಬ್ಬರ್ ನಿಂತಲ್ಲೇ ಹಳತಾಗುತ್ತದೆ. ಹಳೆಯ ಗಾಡಿ ಕೊಂಡವರು, ಹಿಂದೆ ಬದಲಿಸಿದ ಬಿಲ್ ಕೈಯಲ್ಲಿಲ್ಲದಿದ್ದರೆ, ಬದಲಿಸಿಲ್ಲವೆಂದೇ ತಿಳಿಯಬೇಕು. ಅದರ ಜೊತೆಗೆ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರನ್ನೂ ಬದಲಿಸಿ, ವಾಟರ್ ಪಂಪ್ ಸೋರುತ್ತಿದೆಯೇ ನೋಡಿಸಿ. ಓಡುವಾಗ ಬೆಲ್ಟ್ ತುಂಡಾಗಿ ಎಂಜಿನ್ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದಾಗಲಿ ತಳ್ಳಿ ಸ್ಟಾರ್ಟ್ ಮಾಡುವುದಾಗಲಿ ಬೇಡ. ನಿಂತ ವಾಲ್ವಿಗೆ ಪಿಸ್ಟನ್ ತಾಗುವ ಅಪಾಯವನ್ನು ಏಕೆ ತಂದುಕೊಳ್ಳಬೇಕು?

## ಇನ್ನಷ್ಟು ಆಳದ ಪ್ರಶ್ನೆಗಳು

ಒಂದು ಸಲ ಜೋರಾಗಿ ಬಿಸಿಯಾಯಿತು. ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಬಿಚ್ಚದೆ ತಿಳಿಯಬಹುದೇ?

ತಿಳಿಯಬಹುದು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿ ಮೀರಿ ಬಿಸಿಯಾದಾಗ ಹಿಗ್ಗಲು ಹವಣಿಸುವ ಹೆಡ್ಡನ್ನು ಬೋಲ್ಟುಗಳು ಕಬ್ಬಿಣದ ಬ್ಲಾಕಿಗೆ ಕಟ್ಟಿಹಾಕಿರುವುದರಿಂದ ಅದು ಬಿಲ್ಲಿನಂತೆ ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸಡಿಲವಾಗುತ್ತದೆ. ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುವುದು, ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ನಿಲ್ಲದೆ ಗುಳ್ಳೆ ಏಳುವುದು, ಸ್ಟಾರ್ಟ್ ಮಾಡಿದ ಎರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಇದರ ಲಕ್ಷಣಗಳು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಾತ್ರ ತುಸು ನೊರೆಯಿದ್ದು ಡಿಪ್‌ಸ್ಟಿಕ್ ಶುಭ್ರವಾಗಿದ್ದರೆ, ಅದು ಚಿಕ್ಕ ಚಿಕ್ಕ ಓಡಾಟದಿಂದ ಕಟ್ಟಿದ ಪಸೆಯಷ್ಟೇ ಆಗಿರಬಹುದು.

ಹೆಡ್ ಎತ್ತಿದ ಮೇಲೆ ಬರೀ ಹೊಸ ಗ್ಯಾಸ್ಕೆಟ್ ಕೂರಿಸಿ ಮುಚ್ಚಲು ಬಿಡಬೇಡಿ. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೂ ಓರೆಗೂ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಬೇಕು, 0.05 ಮಿ.ಮೀ.ಗಿಂತ ಹೆಚ್ಚು ಡೊಂಕಿದ್ದರೆ ಫೇಸಿಂಗ್ (ಯಂತ್ರದಲ್ಲಿ ಅರೆದು ಮಟ್ಟಸ ಮಾಡುವುದು) ಆಗಲೇಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ವ್ರೆಂಚಿನಿಂದಲೇ ಬಿಗಿಯಬೇಕು. ಎಂಜಿನ್ ಬಿಸಿಯಾದ ಮೂಲ ಕಾರಣವನ್ನು ಸರಿಪಡಿಸದಿದ್ದರೆ ಹೊಸ ಗ್ಯಾಸ್ಕೆಟ್ಟೂ ಮುಂದಿನ ಘಾಟಿಯವರೆಗೆ ಮಾತ್ರ.

ರೀಬೋರ್ ಮಾಡಿಸಲೇಬೇಕು ಎನ್ನುತ್ತಿದ್ದಾರೆ. ನಂಬುವುದು ಹೇಗೆ?

ರೀಬೋರ್ ಎಂದರೆ ಸವೆದ ಸಿಲಿಂಡರನ್ನು ಕೊರೆದು ತುಸು ಅಗಲಿಸುವುದು. ಅದಕ್ಕೆ ಮೊದಲು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಿದ್ದು, ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ತಿರುಗಿಸಿದಾಗ ಗೇಜ್ ತೋರಿಸುವ ಅಂಕಿಗಳಲ್ಲಿ ಸಿಲಿಂಡರಿನಿಂದ ಸಿಲಿಂಡರಿಗೆ ಚದರ ಸೆಂ.ಮೀ.ಗೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸವಿರಬಾರದು. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ತೊಂದರೆ ವಾಲ್ವಿನದು, ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಿದ್ದರೆ ಗ್ಯಾಸ್ಕೆಟ್ಟಿನದು. ವಾಲ್ವಿನ ತೊಂದರೆಗೆ ರೀಬೋರ್ ಮಾಡಿಸಿ ಹಣ ಕಳೆದುಕೊಂಡವರನ್ನು ನೋಡಿ ನೊಂದಿದ್ದೇನೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಿಜಕ್ಕೂ ಬೇಕಾದರೆ 0.25 ಮತ್ತು 0.50 ಮಿ.ಮೀ. ಹೆಚ್ಚುವರಿ ಅಳತೆಯ ಪಿಸ್ಟನ್‌ಗಳಿವೆ. ಎರಡನೆಯದನ್ನು ಹಾಕಿದರೆ ಬೋರ್ 69 ಮಿ.ಮೀ. ಆಗಿ ಎಂಜಿನ್ ಸುಮಾರು 808 ಸಿಸಿ ಆಗುತ್ತದೆ. ಓಡಿಸುವವರಿಗೆ ಆ ಹೆಚ್ಚಳ ತಿಳಿಯುವಷ್ಟಿಲ್ಲ.

ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಗುತ್ತಿದೆ. ಎಂಪಿಎಫ್‌ಐ ಗಾಡಿಗೂ ಹಳೆಯದಕ್ಕೂ ನಿಯಮ ಒಂದೇನಾ?

ಒಂದೇ ಅಲ್ಲ. ಭಾರತ್ ಸ್ಟೇಜ್ (ಹೊಸ ಗಾಡಿಗಳ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ) 2ಕ್ಕೆ ಮೊದಲಿನ ಕಾರುಗಳಿಗೆ ಸ್ಲೋನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಶೇಕಡಾ 0.5 ಮತ್ತು 750 ಪಿಪಿಎಂ. 800ರಲ್ಲಿ ಸ್ಟೇಜ್ 4 ಬರಲೇ ಇಲ್ಲ. 2010ರ ಏಪ್ರಿಲ್‌ನಲ್ಲಿ ಆ ನಿಯಮ ಜಾರಿಯಾದ 13 ನಗರಗಳಲ್ಲಿ ಬೆಂಗಳೂರೂ ಒಂದಾದ್ದರಿಂದ ಇಲ್ಲಿ ಹೊಸ 800ರ ಮಾರಾಟ ಅಂದೇ ನಿಂತಿತು, ತಯಾರಿಕೆ 2014ರ ಜನವರಿಯಲ್ಲಿ ಮುಗಿಯಿತು. ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಮಿಶ್ರಣ ಹೆಚ್ಚಾಗಿದೆ, ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆಯೇ ಹೊರಬರುತ್ತಿದೆ: ಮೊದಲನೆಯದಕ್ಕೆ ಕಾರ್ಬ್ಯುರೇಟರ್ ಅಥವಾ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್, ಎರಡನೆಯದಕ್ಕೆ ಪ್ಲಗ್, ವೈರು, ವಾಲ್ವ್ ನೋಡಿಸಿ. ಪರೀಕ್ಷೆಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಹೋಗಿ.

ಈಗ ಬಂಕ್‌ನಲ್ಲಿ ಸಿಗುವುದು ಇ20 ಪೆಟ್ರೋಲ್. ನಮ್ಮ ಹಳೆಯ 800 ತಡೆದುಕೊಳ್ಳುತ್ತದೆಯೇ?

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಈ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ. 800ರ ಎಂಜಿನ್ ರೂಪುಗೊಂಡಾಗ ಇಂಥ ಇಂಧನದ ಯೋಚನೆಯೇ ಇರಲಿಲ್ಲ. ಲೀಟರಿನ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ, ಆದ್ದರಿಂದ ಮಿಶ್ರಣದಲ್ಲಿ ಶೇಕಡಾ ಆರೇಳರಷ್ಟು ಶಕ್ತಿ ಕಡಿಮೆಯಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ ಎಂಜಿನ್ ಪೆಟ್ರೋಲನ್ನು ತುಸು ಹೆಚ್ಚಿಸಿ ಹೊಂದಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ಜಾಣ್ಮೆಯಿಲ್ಲ. ಸಾದಾ ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಸಾಕು, ಆದರೆ ಹಳೆಯ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹೊರಡುವ ಸಣ್ಣ ರಂಧ್ರ) ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಬಿಡುವುದರಿಂದ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ತಣ್ಣಗಿರುವಾಗ ಎಂಜಿನ್ ತಡವರಿಸುತ್ತದೆ.

ಅದಕ್ಕಿಂತ ಹೆಚ್ಚಿನ ಚಿಂತೆ ರಬ್ಬರಿನದು. ಹಳೆಯ ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ಸೀಲ್‌ಗಳು ಎಥನಾಲಿಗೆ ಉಬ್ಬಿ ಬಿರುಕು ಬಿಡಬಹುದು, ಮತ್ತು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಬೆಂಕಿಯ ಮಾತು. ಎಥನಾಲ್ ತಡೆಯುವ ಹೊಸ ಹೋಸುಗಳನ್ನು ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೂ ಹಾಕಿಸಿ, ತಿಂಗಳಿಗೊಮ್ಮೆ ಬೆರಳಿನಿಂದ ಸವರಿ ನೋಡಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ತುಕ್ಕು ತರುತ್ತದೆ. ಆದ್ದರಿಂದ ಅಪರೂಪಕ್ಕೆ ಓಡುವ ಗಾಡಿಯಲ್ಲಿ ತಿಂಗಳುಗಟ್ಟಲೆ ಹಳೆಯ ಪೆಟ್ರೋಲ್ ಉಳಿಸಬೇಡಿ. ವಾರಕ್ಕೊಮ್ಮೆಯಾದರೂ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಮುಳ್ಳು ತನ್ನ ಎಂದಿನ ಜಾಗಕ್ಕೆ ಬಂದು ನಿಂತ ಮೇಲೆಯೇ ಮನೆಗೆ ತನ್ನಿ.